‘ಗಂಡಸಿಗೆ ಯಾಕೆ ನರ್ಸಿಂಗ್?’ ಅಂತಾರೆ

ಪ್ರಶ್ನೆ: ನನಗೆ 18 ವರ್ಷ. ತಾತ ಮೂರು ವಾರ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಹೊತ್ತು ನಾನೇ ಜೊತೆಗಿದ್ದೆ. ಅಲ್ಲಿನ ನರ್ಸ್‌ಗಳನ್ನು ನೋಡಿ ನಾನೂ ನರ್ಸಿಂಗ್ ಓದಬೇಕು ಅನ್ನಿಸಿದೆ. ಗೆಳೆಯರು ನಗುತ್ತಾರೆ. ಅದು ಹೆಂಗಸರ ಕೆಲಸ ಅಂತಾರೆ ಅಪ್ಪ. ಹೆಣ್ಣು ರೋಗಿಗಳು ನನ್ನನ್ನು ಒಪ್ಪುತ್ತಾರಾ ಅನ್ನೋ ಅಳುಕೂ ಇದೆ. ಏನು ಮಾಡಲಿ?

ಉತ್ತರ: ಗೆಳೆಯರ ನಗು ಬಿಡಿ, ಮೊದಲ ಸಂಬಳದ ತನಕ ಅಷ್ಟೇ. ಅಪ್ಪನಿಗೆ ಮಾತ್ರ ಉತ್ತರ ಕೊಡಬೇಕು, ಅಲ್ವಾ?

16ನೇ ಶತಮಾನದ ಇಟಲಿಯಲ್ಲಿ ಕಮಿಲಸ್ ಡಿ ಲೆಲ್ಲಿಸ್ ಎಂಬ ಸೈನಿಕನಿದ್ದ. ಜೂಜುಕೋರ. ಕಾಲಿನ ಗಾಯ ಮಾಯದೆ ಆಸ್ಪತ್ರೆ ಸೇರಿದವನು, ಮುಂದೆ ರೋಗಿಗಳ ಆರೈಕೆಗೆಂದೇ ಗಂಡಸರ ಒಂದು ಪಂಗಡ ಕಟ್ಟಿದ. 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ತರಬೇತಿ ಶಾಲೆ ಲಂಡನ್ನಿನಲ್ಲಿ ಶುರುವಾಗಿದ್ದು ಹೆಣ್ಣುಮಕ್ಕಳಿಗೆ. ಆಮೇಲೆ ಗಂಡಸರಿಗೆ ಬಾಗಿಲು ಮುಚ್ಚುತ್ತಾ ಹೋಯಿತು. ಅಮೆರಿಕದ ಸೇನೆಯ ನರ್ಸ್ ದಳಕ್ಕೆ ಗಂಡಸರು ಅಧಿಕಾರಿಗಳಾಗಿ ಸೇರಿದ್ದು 1955ರಲ್ಲಿ. ಅಲ್ಲೇ ಜೋ ಹೋಗನ್ ಎಂಬ ನರ್ಸ್, ಗಂಡಸು ಅನ್ನೋ ಕಾರಣಕ್ಕೆ ಸೀಟು ಕೊಡದ ಕಾಲೇಜಿನ ಮೇಲೆ ಸುಪ್ರೀಂ ಕೋರ್ಟ್ ತನಕ ಹೋಗಿ 1982ರಲ್ಲಿ ಗೆದ್ದ. ಇವತ್ತಿಗೂ ಜಗತ್ತಿನ ನರ್ಸ್‌ಗಳಲ್ಲಿ ನೂರಕ್ಕೆ ಸುಮಾರು ಎಂಬತ್ತೈದು ಮಂದಿ ಹೆಂಗಸರೇ. ನೀವು ಕಡಿಮೆ ಜನರಿರುವ ಕಡೆ ಹೋಗುತ್ತಿದ್ದೀರಿ, ನಿಜ.

ಈಗ ನನ್ನದೊಂದು ಪ್ರಶ್ನೆ. ಆ ರಾತ್ರಿಗಳಲ್ಲಿ ನಿಮಗೆ ಹಿಡಿಸಿದ್ದು ಯಾವುದು? ನನ್ನ ಬಳಿ ಬರುವ ಹುಡುಗರು ಜಾಸ್ತಿ ಹೇಳುವುದು ಐಸಿಯು, ಎಮರ್ಜೆನ್ಸಿ. ಮಾನಿಟರ್ ಸದ್ದು, ಓಡಾಟ, ಅದರಲ್ಲೊಂದು ಗತ್ತಿದೆ. ಆದರೆ ಐಸಿಯುನಲ್ಲೂ ಹಾಸಿಗೆ ಒದ್ದೆಯಾಗುತ್ತದೆ. ಪ್ರಜ್ಞೆ ಇಲ್ಲದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ, ಸೊಂಟದ ಚರ್ಮ ಕೆಂಪಾಗಿದೆಯಾ ಅಂತ ಬೆರಳಿಂದ ಒತ್ತಿ ನೋಡಬೇಕು. ಬಿಟ್ಟರೆ ಹಾಸಿಗೆ ಹುಣ್ಣು. ಮೂತ್ರದ ಅಳತೆ ಬರೆಯಬೇಕು, ಅದು ಕಡಿಮೆಯಾಗಿದ್ದನ್ನು ಡಾಕ್ಟರಿಗಿಂತ ಮೊದಲು ನೀವು ಗಮನಿಸಬೇಕು. ಬೆಳಗಿನ ಜಾವ ನಾಲ್ಕಕ್ಕೆ, ಕಣ್ಣು ಎಳೆಯುವಾಗ. ತಾತನ ಬಟ್ಟೆ ಬದಲಿಸುವಾಗ ಮುಖ ತಿರುಗಿಸಿದ್ರಾ, ಕೈ ಹಾಕಿದ್ರಾ? ನಿಮಗೆ ಮಾರ್ಕ್ಸ್ ಎಷ್ಟು ಅನ್ನೋದಕ್ಕಿಂತ ನಾನು ಇದನ್ನೇ ಮೊದಲು ಕೇಳುವುದು.

ಹೆಣ್ಣು ರೋಗಿಗಳ ವಿಷಯ. ಏನು ಮಾಡುತ್ತೀರಿ ಅಂತ ಮೊದಲೇ ಹೇಳಿ, ಒಪ್ಪಿಗೆ ಕೇಳಿ, ಪರದೆ ಎಳೆಯಿರಿ. ಮೈ ಮುಟ್ಟಿ ಮಾಡುವ ಆರೈಕೆಗೆ ಮಹಿಳಾ ಸಿಬ್ಬಂದಿಯೊಬ್ಬರು ಪಕ್ಕದಲ್ಲಿರಲಿ. ಅದು ರೋಗಿಗೂ ರಕ್ಷಣೆ, ನಿಮಗೂ. ಬೇಡ ಅಂದರೆ ಬೇರೆಯವರನ್ನು ಕರೆಯಿರಿ, ಸುಮ್ನೆ ಬೇಜಾರಾಗಬೇಡಿ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ: ಕ್ಯಾತಿಟರ್ (ಮೂತ್ರದ ಕೊಳವೆ) ಹಾಕಿಸಿಕೊಳ್ಳಬೇಕಾದ ಮುದುಕರೊಬ್ಬರು, ಬಂದ ನರ್ಸ್ ಗಂಡಸು ಅಂತ ನೋಡಿ ನೆಮ್ಮದಿಯ ನಿಟ್ಟುಸಿರು ಬಿಡುತ್ತಾರೆ.

ನೀವು ಕೇಳದೆ ಇರುವ ಒಂದು ಮಾತು. ವಾರ್ಡಿನಲ್ಲಿ ಯಾರನ್ನೇ ಎತ್ತಬೇಕಾದರೂ ನಿಮ್ಮನ್ನೇ ಕೂಗುತ್ತಾರೆ. ಒಬ್ಬರೇ ಎತ್ತಬೇಡಿ. ರೋಗಿಯ ಕೆಳಗೆ ಜಾರುಹಾಳೆ (ಸುಲಭವಾಗಿ ಸರಿಸಲು ಬಳಸುವ ನುಣುಪಾದ ಹಾಳೆ) ಹಾಕಿ, ಇಬ್ಬರು ಮೂವರು ಸೇರಿ. ಬೆನ್ನು ಹೋದರೆ ಡ್ಯೂಟಿಯೂ ಹೋಯಿತು.