ಮಾತ್ರೆ ಹಾಕಿದ್ರೂ ಹುಳ ಮತ್ತೆ ಯಾಕೆ ಬಂತು?

ಪ್ರಶ್ನೆ: ಡಾಕ್ಟ್ರೇ, ನಮ್ಮ ಬೆಕ್ಕಿಗೆ ಎರಡು ವರ್ಷ, ಮನೆಯಿಂದ ಆಚೆ ಕಾಲಿಡೋದೇ ಇಲ್ಲ. ಬಾಲದ ಕೆಳಗೆ, ಮಲಗೋ ಬಟ್ಟೆ ಮೇಲೆ ಅಕ್ಕಿಕಾಳಿನ ತರ ಬಿಳಿಬಿಳಿ ಕಾಣ್ತಿತ್ತು, ಕೆಲವು ಅಲ್ಲಾಡ್ತಾನೂ ಇದ್ವು. ಜಂತುಹುಳದ ಮಾತ್ರೆ ಹಾಕಿದ್ವಿ, ನಿಂತೋಯ್ತು, ತಿಂಗಳಾಗೋದ್ರೊಳಗೆ ಮತ್ತೆ ಶುರು. ಮಾತ್ರೆ ಡೂಪ್ಲಿಕೇಟಾ? ಮಗೂಗೂ ಬರುತ್ತಾ?

ಉತ್ತರ: ಮಾತ್ರೆನ ಬೈಬೇಡಿ, ಅದರ ಕೆಲಸ ಅದು ಮಾಡಿರೋ ಹಾಗಿದೆ. ನೀವು ನೋಡಿದ್ದು ಲಾಡಿಹುಳದ ತುಂಡುಗಳು, ಒಂದೊಂದರೊಳಗೂ ಮೊಟ್ಟೆ ತುಂಬಿರುತ್ತೆ, ಹುಳ ಮಾತ್ರ ಸಣ್ಣಕರುಳಿಗೆ ಕಚ್ಕೊಂಡು ಒಳಗೇ ಇರುತ್ತೆ, ಅರ್ಧ ಮೀಟರ್ ತನಕ ಬೆಳೆಯೋದೂ ಉಂಟು. ಆ ಮೊಟ್ಟೆನ ಚಿಗಟದ ಮರಿ ತಿನ್ನುತ್ತೆ, ಚಿಗಟ ದೊಡ್ಡದಾಗಿ ಬೆಕ್ಕಿನ ಮೈ ಹತ್ತುತ್ತೆ, ಬೆಕ್ಕು ಮೈ ನೆಕ್ಕೋವಾಗ ಅದನ್ನ ನುಂಗುತ್ತೆ, ಎರಡು ಮೂರು ವಾರಕ್ಕೆ ಹೊಸ ಹುಳ ತುಂಡು ಉದುರಿಸೋಕೆ ರೆಡಿ. ಪ್ರಾಜಿಕ್ವಾಂಟೆಲ್ ಇರೋ ಮಾತ್ರೆ ಆವತ್ತು ಹೊಟ್ಟೇಲಿರೋ ಹುಳನ ಸಾಯಿಸುತ್ತೆ ಅಷ್ಟೆ, ನಾಳೆ ನುಂಗೋ ಚಿಗಟಕ್ಕೆ ಅದೇನ್ ಮಾಡುತ್ತೆ?

"ನಮ್ಮ ಬೆಕ್ಕಲ್ಲಿ ಚಿಗಟ ಇಲ್ಲ" ಅಂತ ಎಲ್ರೂ ಹೇಳ್ತಾರೆ. ಇರುತ್ತೆ, ಬೆಕ್ಕು ನೆಕ್ಕಿ ನುಂಗಿರೋದ್ರಿಂದ ಕಣ್ಣಿಗೆ ಬೀಳಲ್ಲ. ಕೂದಲು ಬಾಚಿ ಉದುರೋ ಕಪ್ಪು ಪುಡಿನ ಒದ್ದೆ ಬಿಳಿ ಪೇಪರ್ ಮೇಲೆ ಹಾಕಿ, ಕೆಂಪಗೆ ಬಣ್ಣ ಬಿಟ್ರೆ ಅದು ಚಿಗಟದ ಕಕ್ಕ, ಅಂದ್ರೆ ಬೆಕ್ಕಿನದೇ ರಕ್ತ. ಮನೇಲಿರೋ ಅಷ್ಟೂ ನಾಯಿ ಬೆಕ್ಕಿಗೆ ಒಟ್ಟಿಗೆ ಚಿಗಟದ ಔಷಧಿ ಹಾಕಿ, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೀರಿ, ಸೋಫಾ ಸಂದಿನೂ ಬಿಡದೆ ವ್ಯಾಕ್ಯೂಮ್ ಮಾಡಿ, ಕಡಿಮೆ ಅಂದ್ರೂ ಮೂರು ತಿಂಗಳು, ಯಾಕಂದ್ರೆ ರೇಷ್ಮೆಗೂಡಿನ ತರದ ಗೂಡೊಳಗಿರೋ ಚಿಗಟ ತಿಂಗಳುಗಟ್ಲೆ ಕಾಯುತ್ತೆ. ಆದ್ರೆ ನಾಯಿಗೆ ಅಂತ ತಂದ ಪರ್ಮೆಥ್ರಿನ್ ಇರೋ ಡ್ರಾಪ್ಸ್ ಬೆಕ್ಕಿಗೆ ಹಾಕ್ಲೇಬೇಡಿ, ಪ್ರಾಣಾನೇ ಹೋಗಬಹುದು.

ಮಗು ವಿಷಯ: ಈ ಹುಳ ಬರಬೇಕಂದ್ರೆ ಮಗು ಚಿಗಟನೇ ನುಂಗಬೇಕು, ಅಪರೂಪ. ನನಗೆ ಜಾಸ್ತಿ ಚಿಂತೆ ಬೆಕ್ಕಿನ ಕರುಳಲ್ಲಿರೋ ಇನ್ನೊಂದು ಹುಳ, ದುಂಡುಹುಳದ್ದು, ಅದರ ಮೊಟ್ಟೆ ಕಕ್ಕದ ಜೊತೆ ಆಚೆ ಬಂದು ಮಣ್ಣಲ್ಲಿ ವರ್ಷಗಟ್ಲೆ ಉಳಿಯುತ್ತೆ, ಮಕ್ಕಳ ಬಾಯಿಗೆ ಹೋದ್ರೆ ಮರಿಹುಳ ಲಿವರ್, ಕಣ್ಣು ಅಂತ ಓಡಾಡಬಹುದು. ಮಣ್ಣಾಟ ಆದ್ಮೇಲೆ ಕೈ ತೊಳೆಸಿ.

ಪ್ರಶ್ನೆ: ಒಂದು ತಿಂಗಳ ಮರಿ, ಹೊಟ್ಟೆ ಡೊಳ್ಳು, ಮೈಯೆಲ್ಲ ಮೂಳೆ. ಇಷ್ಟು ಬೇಗ ಹುಳ ಆಗುತ್ತಾ?

ಉತ್ತರ: ಆಗುತ್ತೆ, ತಾಯಿ ಹಾಲಲ್ಲೇ ದುಂಡುಹುಳದ ಮರಿ ಬರುತ್ತೆ. ಅದಕ್ಕೇ ಮೂರನೇ ವಾರದಿಂದಲೇ ಶುರು ಮಾಡಿ ಎರಡು ವಾರಕ್ಕೊಮ್ಮೆ ಔಷಧಿ ಕೊಡೋದು, ತಾಯಿಗೂ ಜೊತೆಗೇ. ಡೋಸ್ ತೂಕ ನೋಡಿ ಹಾಕೋದು, ದೊಡ್ಡ ಬೆಕ್ಕಿನ ಮಾತ್ರೆನ ಅಂದಾಜಲ್ಲಿ ಮುರಿದು ಕೊಡಬೇಡಿ. ಒಸಡು ಬೆಳ್ಳಗಿದ್ರೆ ಕೊಕ್ಕೆಹುಳ ರಕ್ತ ಹೀರ್ತಿರಬಹುದು, ಇವತ್ತೇ ವೆಟ್ ಹತ್ರ ಓಡಿ.

ಪ್ರಶ್ನೆ: ಹುಳದ ಔಷಧಿ ಎರಡು ಸಲ ಆಯ್ತು, ಬೆಕ್ಕಿನ ಲೂಸ್ ಮೋಷನ್ ನಿಲ್ತಿಲ್ಲ.

ಉತ್ತರ: ಮೂರನೇ ಸಲ ಬೇಡ, ಮೊದಲು ಕಕ್ಕ ಟೆಸ್ಟ್ ಮಾಡ್ಸಿ. ಜಿಯಾರ್ಡಿಯಾ, ಕಾಕ್ಸಿಡಿಯಾ ಇವೆಲ್ಲ ಹುಳಗಳಲ್ಲ, ಒಂದೇ ಕೋಶದ ಜೀವಿಗಳು, ಇವಕ್ಕೆ ಔಷಧಿನೇ ಬೇರೆ ಬೇರೆ. ಜಿಯಾರ್ಡಿಯಾ ದಿನಾ ಕಕ್ಕದಲ್ಲಿ ಬರಲ್ಲ, ಒಂದು ಸಲ ನೆಗೆಟಿವ್ ಬಂತು ಅಂತ ಬಿಡಬೇಡಿ, ಬೇರೆ ಬೇರೆ ದಿನದ ಸ್ಯಾಂಪಲ್ ಕೊಡಿ, ಲಿಟರ್ ಬಾಕ್ಸ್ ದಿನಾ ಕ್ಲೀನ್ ಮಾಡಿ.