ಮಗು ಅತ್ತ ಮಾತ್ರಕ್ಕೆ ‘ಹಾಲು ಸಾಲ್ತಿಲ್ಲ’ ಅನ್ನಬೇಡಿ

ಹೆಂಡತಿಗೆ ಹೆರಿಗೆಯಾಗಿ ಇಪ್ಪತ್ತು ದಿನ, ಸಂಜೆಯಾದ್ರೆ ಮಗು ಬಿಡದೆ ಅಳುತ್ತೆ, ನೋಡೋಕೆ ಬಂದವರೆಲ್ಲ ‘ಹಾಲು ಸಾಲ್ತಿಲ್ಲ’ ಅಂತಾರೆ, ಅವಳೂ ಅಳ್ತಾಳೆ, ಮನೆಯವರು ಏನು ಮಾಡಬಹುದು ಅಂತ ಹಾಸನದಿಂದ ಕೇಳಿದ್ದೀರಿ. ಮೊದಲು ಆ ಮಾತು ಅವಳ ಕಿವಿಗೆ ಬೀಳದ ಹಾಗೆ ನೋಡ್ಕೊಳ್ಳಿ. ನನಗೂ ಅದನ್ನೇ ಹೇಳಿದ್ರು. ಆಮೇಲೆ ಮಗೂನ ಎದೆಗೆ ಹಾಕ್ಕೊಂಡಾಗಲೆಲ್ಲ ಭಯ. ಭಯ, ಆಯಾಸ ಇದ್ರೆ ಹಾಲು ಇಳಿಯೋದೂ ನಿಧಾನ.

ಈ ವಯಸ್ಸಲ್ಲಿ ಸಂಜೆ ಹೊತ್ತು ಗಳಿಗೆಗೊಮ್ಮೆ ಮೊಲೆ ಕೇಳೋದು ಸಾಮಾನ್ಯ. ಚೀಪಿದಷ್ಟೂ ಹಾಲು ಊರುತ್ತೆ. ಅಳು ನಿಲ್ಲಲಿ ಅಂತ ಡಬ್ಬಿ ಹಾಲು ಹಾಕಿದ್ರೆ ಚೀಪೋದು ಕಡಿಮೆ, ಹಾಲೂ ಕಡಿಮೆ. ಹಾಲನ್ನ ಅಳುವಿನಿಂದ ಅಳೆಯಬೇಡಿ, ಲಂಗೋಟಿ ಎಣಿಸಿ. ದಿನಕ್ಕೆ 6 ಸಲವಾದರೂ ಒದ್ದೆ ಮಾಡ್ತಾ, ತೂಕ ಏರ್ತಿದ್ರೆ ಹಾಲು ಸಾಲ್ತಿದೆ ಅಂತಲೇ ಅರ್ಥ. ಹುಟ್ಟಿದಾಗಿನ ತೂಕಕ್ಕೆ ಇನ್ನೂ ಬಂದಿಲ್ಲ ಅಂದ್ರೆ ಮಾತ್ರ ತಡ ಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.

ನನ್ನ ಬಾಣಂತನ ಸಕಲೇಶಪುರದ ಕಡೆ, ತವರಲ್ಲಿ. ಆಷಾಢದ ಜಡಿಮಳೆ, ಬಟ್ಟೆ ಒಣಗೋ ಮಾತೇ ಇಲ್ಲ. ಅಪ್ಪ ಕೆಂಡದ ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ ಒಂದೊಂದೇ ಲಂಗೋಟಿ ಹರವಿ, ಒಣಗಿದ್ಯಾ ಅಂತ ಕೆನ್ನೆಗೆ ಒತ್ತಿ ನೋಡಿ ಮಡಚಿಡ್ತಿದ್ರು. ರಾತ್ರಿ ಮಗು ಎದ್ರೆ ಅತ್ತಿಗೆಯೂ ಏಳ್ತಿದ್ರು. ನನ್ನ ಮೊಣಕೈ ಕೆಳಗೆ ದಿಂಬು ಕೊಟ್ಟು, ಬಿಸಿನೀರಿನ ಚೊಂಬು ಪಕ್ಕದಲ್ಲಿಟ್ಟು, ಕುಡಿಸಿದ ಮೇಲೆ ಮಗೂನ ಹೆಗಲಿಗೆ ಹಾಕ್ಕೊಂಡು ತೇಗು ಬರೋವರೆಗೂ ಓಡಾಡೋರು. ಅಷ್ಟೊತ್ತಿಗೆ ನನಗೆ ನಿದ್ದೆ ಹತ್ತಿರ್ತಿತ್ತು. ಇದರಲ್ಲಿ ಗಂಡಸರ ಕೈಲಾಗದ ಕೆಲಸ ಯಾವುದಿದೆ ಹೇಳಿ?

ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ ಅವಳಿಗೆ ಇಷ್ಟವಾದ್ರೆ ಮಾಡಿಕೊಡಿ. ಆದ್ರೆ ಮಗುಗೆ ಶೀತ ಆಗುತ್ತೆ ಅಂತ ಬಾಣಂತಿಗೆ ನೀರು ಕಡಿಮೆ ಮಾಡೋದು ತಪ್ಪು, ಬಾಯಾರಿದಷ್ಟೂ ಕುಡೀಲಿ. ಮಗುಗೆ 6 ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ. ಜೇನು ನೆಕ್ಕಿಸೋದಂತೂ ವರ್ಷ ತುಂಬೋವರೆಗೆ ಬೇಡವೇ ಬೇಡ. ಇದನ್ನ ನಿಮ್ಮ ಅಮ್ಮನಿಗೆ ನೀವೇ ಹೇಳಿ, ಸೊಸೆ ಬಾಯಲ್ಲಿ ಹೇಳಿಸಬೇಡಿ.

ಮೊಲೆತೊಟ್ಟು ಒಡೆದು ಉರೀತಿದ್ರೆ ಸಾಮಾನ್ಯವಾಗಿ ಮಗು ಬಾಯಿ ಹಾಕೋ ರೀತಿ ಸರಿಯಿರಲ್ಲ. ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ನುರಿತ ನರ್ಸ್ ಹತ್ತಿರ ಕರ್ಕೊಂಡು ಹೋಗಿ. ಎದೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದ್ರೆ ಅವತ್ತೇ ಡಾಕ್ಟರ್. ಇನ್ನೊಂದು ಮಾತು, ಅವಳ ಅಳು ಎರಡು ವಾರ ದಾಟಿಯೂ ನಿಂತಿಲ್ಲ ಅಂದ್ರೆ ಅದನ್ನೂ ಡಾಕ್ಟರಿಗೆ ಹೇಳಿ. ಬಾಣಂತಿಯರಿಗೆ ಖಿನ್ನತೆ ಬರುತ್ತೆ, ಅದಕ್ಕೆ ಚಿಕಿತ್ಸೆ ಇದೆ.

ಸ್ನೇಹಿತರು ಏನು ಮಾಡಬಹುದು ಅಂತಲೂ ಕೇಳಿದ್ದೀರಿ. ಬೇಲೂರಿಂದ ನನ್ನ ಗೆಳತಿ ಬಂದಿದ್ಲು. ಅಕ್ಕಿರೊಟ್ಟಿ, ಮೆಣಸಿನ ಸಾರು ತಂದಿದ್ಲು. ನಾನು ಹಾಲು ಕುಡಿಸುವಾಗ ಬಾಗಿಲ ಹತ್ತಿರ ಕೂತು ಯಾರನ್ನೂ ಒಳಗೆ ಬಿಡಲಿಲ್ಲ. ಪಾತ್ರೆ ತೊಳೆದಿಟ್ಟು ಹೊರಟಳು. ಮಗೂನ ಎತ್ಕೋತೀನಿ ಅಂತ ಕೇಳಲೂ ಇಲ್ಲ.