ಐದು ವಾರದಿಂದ ತೂಕ ಇಳಿಯುತ್ತಿಲ್ಲ, ರಾತ್ರಿ ಊಟವನ್ನೂ ಬಿಡಬೇಕೇ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ನೀವು 41 ವರ್ಷದ ಮಹಿಳೆ, ಎತ್ತರ 165 ಸೆಂಟಿಮೀಟರ್, ನಾಲ್ಕು ತಿಂಗಳಲ್ಲಿ 84 ಕಿಲೋದಿಂದ 76ಕ್ಕೆ ಇಳಿದಿದ್ದೀರಿ, ಆದರೆ ಕಳೆದ ಐದು ವಾರದಿಂದ ತೂಕ ಅಲ್ಲಿಂದ ಕದಲಿಲ್ಲ. ದಿನಕ್ಕೆ 1200 ಕ್ಯಾಲೊರಿ ಮೀರುತ್ತಿಲ್ಲವೆಂದೂ, ಮೂರು ವಾರದ ಹಿಂದೆ ಭಾರ ಎತ್ತುವ ವ್ಯಾಯಾಮ ಆರಂಭಿಸಿದ್ದಾಗಿಯೂ ಬರೆದಿದ್ದೀರಿ. ‘ನನ್ನ ಮೆಟಬಾಲಿಸಂ ಕೆಟ್ಟುಹೋಗಿದೆಯೇ, ರಾತ್ರಿ ಊಟವನ್ನೂ ಬಿಟ್ಟುಬಿಡಲೇ’ ಎಂಬುದು ನಿಮ್ಮ ಪ್ರಶ್ನೆ.

ಮೆಟಬಾಲಿಸಂ, ಅಂದರೆ ದೇಹ ಆಹಾರವನ್ನು ಶಕ್ತಿಯಾಗಿ ಬಳಸುವ ಕ್ರಿಯೆ, ಕೆಟ್ಟಿರುವ ಸಂಭವ ಬಹಳ ಕಡಿಮೆ. ಊಟವನ್ನಂತೂ ದಯವಿಟ್ಟು ಬಿಡಬೇಡಿ. ನಾನು ವೃತ್ತಿಯಿಂದ ಆಹಾರ ತಜ್ಞೆ, ಜೊತೆಗೆ ಕೆಲವು ವರ್ಷಗಳ ಹಿಂದೆ ನನ್ನದೇ ತೂಕ ಇಳಿಸುವಾಗ ಇದೇ ಜಾಗದಲ್ಲಿ ಸಿಕ್ಕಿಬಿದ್ದವಳು. ಹಾಗಾಗಿ ಈ ಐದು ವಾರ ಎಷ್ಟು ಬೇಸರ ತರಿಸಿರಬಹುದೆಂದು ಊಹಿಸಬಲ್ಲೆ.

ಮೊದಲು ಲೆಕ್ಕ ನೋಡೋಣ. ದೇಹ ವಿಶ್ರಾಂತಿಯಲ್ಲಿ ಖರ್ಚು ಮಾಡುವ ಶಕ್ತಿಯನ್ನು ಅಂದಾಜಿಸಲು ನಾವು ಹೆಚ್ಚಾಗಿ ಬಳಸುವುದು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರವನ್ನು. ನಿಮ್ಮ ಎತ್ತರ, ವಯಸ್ಸು, ತೂಕಗಳನ್ನು ಅದರಲ್ಲಿಟ್ಟರೆ ಸುಮಾರು 1425 ಕ್ಯಾಲೊರಿ ಬರುತ್ತದೆ. ಕುಳಿತು ಮಾಡುವ ಕೆಲಸ ಮತ್ತು ಸ್ವಲ್ಪ ಓಡಾಟ ಸೇರಿಸಿದರೆ ದಿನದ ಒಟ್ಟು ಖರ್ಚು ಹೆಚ್ಚುಕಡಿಮೆ 2000. ನೀವು 84 ಕಿಲೋ ಇದ್ದಾಗ ಇದೇ ಲೆಕ್ಕದಲ್ಲಿ ಅದು 2100ರ ಆಸುಪಾಸಿನಲ್ಲಿತ್ತು. ದೇಹ ಚಿಕ್ಕದಾದಂತೆ ಅದರ ಅಗತ್ಯವೂ ಕುಗ್ಗುತ್ತದೆ. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಆದರೆ ದೇಹ ಇನ್ನೂ ಸ್ವಲ್ಪ ಕೈ ಬಿಗಿ ಮಾಡುತ್ತದೆ. ತೂಕದಲ್ಲಿ ಶೇಕಡಾ 10ರಷ್ಟು ಇಳಿದವರ ಶಕ್ತಿಯ ಖರ್ಚು, ಅವರ ಹೊಸ ಗಾತ್ರಕ್ಕೆ ನಿರೀಕ್ಷಿಸಬಹುದಾದದ್ದಕ್ಕಿಂತಲೂ ಕಡಿಮೆಯಾಗುತ್ತದೆ ಎಂದು ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಲೀಬೆಲ್, ರೋಸೆನ್‌ಬಾಮ್ ಮತ್ತು ಹಿರ್ಶ್ 1995ರಲ್ಲೇ ತೋರಿಸಿದರು. ಜನ ‘ಮೆಟಬಾಲಿಸಂ ಕೆಟ್ಟಿದೆ’ ಎನ್ನುವಾಗ ಅದರ ಹಿಂದಿರುವ ನಿಜಾಂಶ ಇದೇ. ಆದರೆ ಇದು ನಿಧಾನವಾಗುವುದೇ ಹೊರತು ನಿಂತುಹೋಗುವುದಲ್ಲ. ಇದರ ಪಾಲಿಗೆಂದು ದಿನಕ್ಕೆ 200 ಕ್ಯಾಲೊರಿ ಕಳೆದರೂ ನಿಮ್ಮ ಖರ್ಚು 1800 ಉಳಿಯುತ್ತದೆ. ನಿಜವಾಗಿ 1200 ಮಾತ್ರ ತಿಂದಿದ್ದರೆ ದಿನಕ್ಕೆ 600ರ ಕೊರತೆ, 35 ದಿನಕ್ಕೆ 21,000. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಅಡಗಿರುವುದರಿಂದ ನೀವು ಎರಡೂವರೆ ಕಿಲೋಗಿಂತ ಹೆಚ್ಚು ಇಳಿದಿರಬೇಕಿತ್ತು.

ಇಳಿದಿಲ್ಲವೆಂದರೆ ಎರಡು ಸಾಧ್ಯತೆಗಳಿವೆ. ಕೊಬ್ಬು ಕರಗಿದ್ದರೂ ಅದರ ಜಾಗದಲ್ಲಿ ನೀರು ನಿಂತಿರಬಹುದು, ಇಲ್ಲವೇ 1200 ಎಂಬ ಅಂಕಿಯೇ ತಪ್ಪಿರಬಹುದು. ನಿಮ್ಮ ವಿಷಯದಲ್ಲಿ ಎರಡೂ ಸ್ವಲ್ಪ ಸ್ವಲ್ಪ ಇವೆಯೆಂಬುದು ನನ್ನ ಅನುಮಾನ.

ನೀರಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಒಟ್ಟು 400ರಿಂದ 500 ಗ್ರಾಂ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಂಡ ಸಕ್ಕರೆಯ ದಾಸ್ತಾನು, ಇರುತ್ತದೆ, ಪ್ರತಿ ಗ್ರಾಂ ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಪಥ್ಯ ಆರಂಭಿಸಿದ ಮೊದಲ ವಾರದಲ್ಲಿ ಸರ್ರನೆ ಇಳಿಯುವ ಒಂದೆರಡು ಕಿಲೋಗಳಲ್ಲಿ ಹೆಚ್ಚಿನದು ಈ ನೀರು. ಈಗ ನಿಮಗೆ ಅದು ತಿರುಗುಮುರುಗಾಗಿ ಆಗುತ್ತಿರಬಹುದು. ರೂಢಿಯಿಲ್ಲದ ಸ್ನಾಯುಗಳಿಗೆ ಭಾರ ಎತ್ತುವ ಕೆಲಸ ಕೊಟ್ಟಾಗ ಅವು ನೋಯುತ್ತವೆ, ಸಣ್ಣಗೆ ಊದಿಕೊಳ್ಳುತ್ತವೆ, ಗ್ಲೈಕೋಜನ್ನನ್ನೂ ನೀರನ್ನೂ ಹೆಚ್ಚು ಹಿಡಿದಿಡುತ್ತವೆ. ಮುಟ್ಟಿನ ಹಿಂದಿನ ದಿನಗಳು, ಉಪ್ಪು ಹೆಚ್ಚಾದ ಊಟ, ಮಲಬದ್ಧತೆ, ಇವೆಲ್ಲ ಸೇರಿದರೆ ತೂಕದ ಯಂತ್ರದ ಮೇಲೆ ಒಂದರಿಂದ ಎರಡು ಕಿಲೋ ಸುಲಭವಾಗಿ ಹೆಚ್ಚು ಕಾಣುತ್ತದೆ. ಆದ್ದರಿಂದ ವ್ಯಾಯಾಮ ಶುರುವಾದ ಮೇಲಿನ ಮೂರು ವಾರಗಳ ತೂಕವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದಕ್ಕೂ ಹಿಂದಿನ ಎರಡು ವಾರಗಳು ಮಾತ್ರ ನನ್ನನ್ನು ಎರಡನೆಯ ಸಾಧ್ಯತೆಯತ್ತ ತಿರುಗಿಸುತ್ತವೆ.

ಇಲ್ಲಿ ನಾನು ನಿಮ್ಮ ಮಾತನ್ನು ಸುಳ್ಳೆನ್ನುತ್ತಿದ್ದೇನೆಂದು ಭಾವಿಸಬಾರದು. 1992ರಲ್ಲಿ ಲಿಚ್ಟ್‌ಮನ್ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ ನಡೆಸಿದ ಒಂದು ಅಧ್ಯಯನಕ್ಕೆ ಆಯ್ದುಕೊಂಡದ್ದು ನಿಮ್ಮಂತೆಯೇ ‘1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯದು’ ಎಂದು ಹೇಳುತ್ತಿದ್ದವರನ್ನು. ಅವರ ದೇಹ ಖರ್ಚು ಮಾಡುವ ಶಕ್ತಿಯನ್ನು ಅಳೆದಾಗ ಅದು ಅವರ ಗಾತ್ರಕ್ಕೆ ತಕ್ಕಂತೆಯೇ ಇತ್ತು. ತಪ್ಪಿದ್ದು ಊಟದ ಲೆಕ್ಕ: ನಿಜವಾಗಿ ತಿಂದದ್ದಕ್ಕಿಂತ ಸರಾಸರಿ ಶೇಕಡಾ 47ರಷ್ಟು ಕಡಿಮೆ ಬರೆದಿದ್ದರು, ಮಾಡಿದ ದೈಹಿಕ ಚಟುವಟಿಕೆಯನ್ನು ಶೇಕಡಾ 51ರಷ್ಟು ಹೆಚ್ಚು ಬರೆದಿದ್ದರು. ಬೇಕೆಂದು ಬಚ್ಚಿಟ್ಟಿದ್ದಲ್ಲ, ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ನಮ್ಮ ವೃತ್ತಿಯವರೂ ಇದಕ್ಕೆ ಹೊರತಲ್ಲ. 2002ರ ಇನ್ನೊಂದು ಅಧ್ಯಯನದಲ್ಲಿ ಆಹಾರ ತಜ್ಞೆಯರೇ ತಮ್ಮ ಊಟವನ್ನು ದಿನಕ್ಕೆ 200ಕ್ಕೂ ಹೆಚ್ಚು ಕ್ಯಾಲೊರಿ ಕಡಿಮೆ ಬರೆದುಕೊಂಡಿದ್ದರು.

ನನ್ನದೇ ಕಥೆ ಕೇಳಿ. ಮೂರು ತಿಂಗಳು ಚೆನ್ನಾಗಿ ಇಳಿದು ನಿಂತಾಗ ನನ್ನ ಪುಸ್ತಕದಲ್ಲಿ ಪ್ರತಿ ಹೊತ್ತಿನ ಊಟದ ಮುಂದೆ ‘ಎಣ್ಣೆ, 1 ಟೀ ಚಮಚ, 40 ಕ್ಯಾಲೊರಿ’ ಎಂದು ಅಚ್ಚುಕಟ್ಟಾಗಿ ಬರೆದಿರುತ್ತಿತ್ತು. ಒಂದು ದಿನ ಸಿಟ್ಟು ಬಂದು, ಅಡುಗೆ ಮಾಡುವ ಮೊದಲು ಎಣ್ಣೆ ಬಾಟಲಿಯನ್ನು ಅಡುಗೆಮನೆಯ ಸಣ್ಣ ತಕ್ಕಡಿಯ ಮೇಲಿಟ್ಟೆ: 642 ಗ್ರಾಂ. ಎಂದಿನಂತೆ ಕೈ ಬಂದ ಹಾಗೆ ಬಾಣಲೆಗೆ ಸುರಿದು ಮತ್ತೆ ಇಟ್ಟೆ: 618. ನಾನೊಬ್ಬಳೇ ತಿನ್ನುವ ತರಕಾರಿಗೆ 24 ಗ್ರಾಂ ಎಣ್ಣೆ! ಗ್ರಾಂ ಒಂದಕ್ಕೆ 9 ಕ್ಯಾಲೊರಿಯಂತೆ 216. ದಿನಕ್ಕೆ ಎರಡು ಹೊತ್ತೆಂದರೆ ಪುಸ್ತಕಕ್ಕೆ ಗೊತ್ತಿಲ್ಲದ ಸುಮಾರು 350 ಕ್ಯಾಲೊರಿ ಹೊಟ್ಟೆಗೆ ಹೋಗುತ್ತಿತ್ತು. ಬೆಳಗ್ಗೆ ಒಂದು ಗಂಟೆ ಬೆವರು ಸುರಿಸಿ ನಡೆದು ನಾನು ಕರಗಿಸುತ್ತಿದ್ದುದಕ್ಕಿಂತಲೂ ಅದು ಹೆಚ್ಚು. ನಗು ಬಂತು, ಸ್ವಲ್ಪ ಅವಮಾನವೂ ಆಯಿತು. ಬೇರೆಯವರಿಗೆ ಅಳತೆ ಹೇಳಿಕೊಡುವವಳು ನಾನೇ ತಾನೆ?

ಎಣ್ಣೆಯ ಹಾಗೆಯೇ ಕಣ್ಣು ತಪ್ಪಿಸುವ ಇನ್ನೂ ಕೆಲವಿವೆ. ಒಂದು ಹಿಡಿ, ಅಂದರೆ 30 ಗ್ರಾಂ ಬಾದಾಮಿಯಲ್ಲಿ ಸುಮಾರು 170 ಕ್ಯಾಲೊರಿಯಿದೆ, ನಮ್ಮ ಹಿಡಿಯಾದರೋ ದಿನದಿಂದ ದಿನಕ್ಕೆ ಹಿಗ್ಗುತ್ತದೆ. ಒಣ ಅಕ್ಕಿಯ 100 ಗ್ರಾಂನಲ್ಲಿ 350ರಷ್ಟು ಕ್ಯಾಲೊರಿ, ಅದೇ ಬೆಂದ ಅನ್ನದ 100 ಗ್ರಾಂನಲ್ಲಿ 130. ತೂಗಿದ್ದು ಯಾವುದನ್ನು, ಬರೆದದ್ದು ಯಾವುದನ್ನು ಎಂಬುದು ಅದಲುಬದಲಾದರೆ ಲೆಕ್ಕವೆಲ್ಲ ತಲೆಕೆಳಗು. ಅಡುಗೆ ಮಾಡುತ್ತಾ ರುಚಿ ನೋಡಿದ್ದು, ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಕಾಫಿಯ ಹಾಲು ಯಾರ ಪುಸ್ತಕದಲ್ಲೂ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಸೋರಿಕೆ ರಜಾ ದಿನಗಳದ್ದು. ಐದು ದಿನ ಕಟ್ಟುನಿಟ್ಟಾಗಿ 1200 ತಿಂದು ಉಳಿದೆರಡು ದಿನ 2600 ತಿಂದರೆ ವಾರದ ಸರಾಸರಿ 1600. ದೇಹಕ್ಕೆ ವಾರವೂ ಗೊತ್ತಿಲ್ಲ, ರಜೆಯೂ ಗೊತ್ತಿಲ್ಲ.

ಈಗ ರಾತ್ರಿ ಊಟ. ಸೂರ್ಯ ಮುಳುಗಿದ ಮೇಲೆ ತಿಂದದ್ದೆಲ್ಲ ಕೊಬ್ಬಾಗುತ್ತದೆ ಎಂಬ ಮಾತು ಬಹಳ ಪ್ರಚಲಿತ, ಆದರೆ ತೂಕದ ಮಟ್ಟಿಗೆ ಮುಖ್ಯವಾಗುವುದು ದಿನದ ಒಟ್ಟು ಮೊತ್ತ. ತಡರಾತ್ರಿ ಟಿವಿ ಮುಂದೆ ಕುಳಿತು ಪೊಟ್ಟಣ ಖಾಲಿ ಮಾಡುವ ಅಭ್ಯಾಸವಿದ್ದರೆ ಅದನ್ನು ಬಿಡಿ, ಊಟವನ್ನಲ್ಲ. ಈಗಾಗಲೇ 1200 ಎಂದು ಹಠ ಹಿಡಿದಿರುವವರು ಒಂದು ಹೊತ್ತನ್ನು ಪೂರ್ತಿ ಕಿತ್ತುಹಾಕಿದರೆ ಪ್ರೋಟೀನ್, ಕಬ್ಬಿಣ, ಕ್ಯಾಲ್ಸಿಯಂ ಎಲ್ಲವೂ ಕೊರತೆಯಾಗುತ್ತವೆ. ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ. ಎರಡು ಮೂರು ತಿಂಗಳ ನಂತರ ಬಾಚಣಿಗೆಯ ತುಂಬ ಕೂದಲು ಬರುತ್ತದೆ. ಬಹಳ ವೇಗವಾಗಿ ಇಳಿದವರಲ್ಲಿ ಪಿತ್ತಕೋಶದ ಕಲ್ಲುಗಳೂ ಹೆಚ್ಚು. ಇಷ್ಟಾದ ಮೇಲೂ ಹತ್ತನೆಯ ದಿನ ಹಸಿವು ಬಡ್ಡಿ ಸಮೇತ ವಸೂಲಿಗೆ ಬರುತ್ತದೆ.

ನಾನಾಗಿದ್ದರೆ ಇದಕ್ಕೆ ಉಲ್ಟಾ ಮಾಡುತ್ತಿದ್ದೆ. ಪುಸ್ತಕದ ಗುರಿಯನ್ನು 1500ಕ್ಕೆ ಏರಿಸಿ, ಆ 1500ನ್ನು ಎರಡು ವಾರ ನಿಜವಾಗಿ ತೂಗಿ ತಿನ್ನುತ್ತಿದ್ದೆ. ಕಾಗದದ ಮೇಲಿನ 1200ಕ್ಕಿಂತ ತಕ್ಕಡಿಯ ಮೇಲಿನ 1500 ಹೆಚ್ಚಿನವರಿಗೆ ಕಡಿಮೆಯೇ ಆಗಿರುತ್ತದೆ. ಜೀವನಪೂರ್ತಿ ತೂಗಬೇಕಿಲ್ಲ, ಎರಡು ವಾರದಲ್ಲಿ ಕಣ್ಣು ಮತ್ತು ಕೈ ಅಳತೆ ಕಲಿತುಬಿಡುತ್ತವೆ, ಮುಂದೆ ಎಣ್ಣೆಗೊಂದು ಚಮಚ ಇಟ್ಟುಕೊಂಡರೆ ಸಾಕು. ಆದರೆ ಹಿಂದೆ ಎಂದಾದರೂ ಊಟವನ್ನು ಅತಿಯಾಗಿ ನಿಯಂತ್ರಿಸಿಕೊಂಡು ತೊಂದರೆ ಅನುಭವಿಸಿದ್ದರೆ ಈ ತೂಗುವ ಕೆಲಸ ಬೇಡ, ನೇರವಾಗಿ ತಜ್ಞರ ಬಳಿ ಹೋಗಿ.

ಆ 1500ರೊಳಗೆ ಮೊದಲು ಕಾಯ್ದಿರಿಸಬೇಕಾದದ್ದು ಪ್ರೋಟೀನಿಗೆ. ವಯಸ್ಕರ ಸಾಮಾನ್ಯ ಶಿಫಾರಸು ಕಿಲೋ ತೂಕಕ್ಕೆ 0.8 ಗ್ರಾಂ, ತೂಕ ಇಳಿಸುವಾಗ ಸ್ನಾಯು ಉಳಿಸಿಕೊಳ್ಳಲು ನಾನು 1.2 ಗ್ರಾಂ ಹೇಳುತ್ತೇನೆ, ಅಂದರೆ ನಿಮಗೆ ದಿನಕ್ಕೆ ಸುಮಾರು 90 ಗ್ರಾಂ. ಮೂತ್ರಪಿಂಡದ ಕಾಯಿಲೆಯಿರುವವರು ಮಾತ್ರ ವೈದ್ಯರನ್ನು ಕೇಳದೆ ಇದನ್ನು ಏರಿಸಬಾರದು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 8, ಬೆಂದ ಬೇಳೆಕಾಳಿನ 100 ಗ್ರಾಂನಲ್ಲಿ 8 ಅಥವಾ 9, ಬೇಯಿಸಿದ ಕೋಳಿಮಾಂಸದ 100 ಗ್ರಾಂನಲ್ಲಿ 30ರ ಆಸುಪಾಸು. ಇದನ್ನು ಮೂರು ಹೊತ್ತಿಗೂ ಹಂಚಿ. ರಾತ್ರಿ ಊಟ ಬೇಕೆನ್ನಲು ಇದೂ ಒಂದು ಕಾರಣ. ಪ್ರೋಟೀನ್ ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ, ಜೊತೆಗೆ ಅದನ್ನು ಅರಗಿಸಿಕೊಳ್ಳಲು ಅದರ ಶಕ್ತಿಯ ಶೇಕಡಾ 20ರಿಂದ 30ರಷ್ಟು ವ್ಯಯವಾಗುತ್ತದೆ. ಕೊಬ್ಬಿಗೆ ಇದು ಶೇಕಡಾ 3ನ್ನು ದಾಟುವುದಿಲ್ಲ. ಉಳಿದ ತಟ್ಟೆಯ ಅರ್ಧ ತರಕಾರಿಯಿರಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ 400 ಗ್ರಾಂ ಹಣ್ಣು ತರಕಾರಿಯನ್ನು ತಲುಪುವವರು ನನ್ನ ಬಳಿ ಬರುವವರಲ್ಲಿ ಬಹಳ ವಿರಳ.

ಪೊಟ್ಟಣದಲ್ಲಿ ಬರುವ ಸಿದ್ಧ ತಿನಿಸುಗಳ ಬಗ್ಗೆ ಒಂದು ಮಾತು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನು ಎರಡು ವಾರ ಅತಿಯಾಗಿ ಸಂಸ್ಕರಿಸಿದ ಆಹಾರದಲ್ಲಿ, ಎರಡು ವಾರ ಸಂಸ್ಕರಿಸದ ಆಹಾರದಲ್ಲಿ ಇಟ್ಟು, ಬೇಕಾದಷ್ಟು ತಿನ್ನಲು ಬಿಟ್ಟಿತು. ಬಡಿಸಿದ ಎರಡೂ ಊಟಗಳಲ್ಲಿ ಸಕ್ಕರೆ, ಕೊಬ್ಬು, ನಾರು ಸರಿಸಮವಾಗಿದ್ದರೂ ಮೊದಲನೆಯದರಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ‘ಡಯಟ್’ ಎಂದು ಮುದ್ರಿಸಿದ ಬಿಸ್ಕತ್ತನ್ನು ನಾನು ಯಾರಿಗೂ ಹೇಳದಿರುವುದಕ್ಕೆ ಇದೇ ಕಾರಣ.

ಭಾರ ಎತ್ತುವ ವ್ಯಾಯಾಮವನ್ನು, ಯಂತ್ರದ ಅಂಕಿ ನೋಡಿ ಬೇಸತ್ತು ನಿಲ್ಲಿಸಬೇಡಿ. ವಾರಕ್ಕೆ ಎರಡು ದಿನವಾದರೂ ಇರಲಿ. ಇದರ ಜೊತೆ ಗಮನಿಸಬೇಕಾದದ್ದು ಉಳಿದ ಹೊತ್ತಿನ ಓಡಾಟ. ಕಡಿಮೆ ತಿನ್ನುವವರು ತಮಗೇ ತಿಳಿಯದಂತೆ ಕಡಿಮೆ ಅಲುಗುತ್ತಾರೆ: ಕುಳಿತಲ್ಲಿಂದಲೇ ಮಕ್ಕಳಿಗೆ ನೀರು ತರಲು ಹೇಳುತ್ತಾರೆ, ಮೆಟ್ಟಿಲಿನ ಬದಲು ಲಿಫ್ಟಿನತ್ತ ಕಾಲು ತಿರುಗುತ್ತದೆ. ಫೋನಿನಲ್ಲಿ ಹೆಜ್ಜೆಗಳ ಲೆಕ್ಕವಿದ್ದರೆ ನಾಲ್ಕು ತಿಂಗಳ ಹಿಂದಿನದನ್ನೂ ಈಗಿನದನ್ನೂ ಹೋಲಿಸಿ ನೋಡಿ. ಏಳು ಗಂಟೆಗಿಂತ ಕಡಿಮೆ ನಿದ್ದೆ ಮಾಡುತ್ತಿದ್ದರೆ ಹಸಿವನ್ನು ಹತೋಟಿಯಲ್ಲಿಡುವುದು ಇನ್ನೂ ಕಷ್ಟ.

ವಯಸ್ಸನ್ನು ದೂರುವ ಮುನ್ನ ಇದೊಂದನ್ನು ತಿಳಿದಿರಿ: 2021ರಲ್ಲಿ ಹರ್ಮನ್ ಪಾಂಟ್ಸರ್ ಮತ್ತು ಸಂಗಡಿಗರು 6,400ಕ್ಕೂ ಹೆಚ್ಚು ಜನರ ಮಾಹಿತಿ ಪರಿಶೀಲಿಸಿದಾಗ, ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60ರ ವಯಸ್ಸಿನವರೆಗೆ ಶಕ್ತಿಯ ಖರ್ಚು ಹೆಚ್ಚುಕಡಿಮೆ ಸ್ಥಿರವಾಗಿಯೇ ಇತ್ತು. ಥೈರಾಯ್ಡ್ ಸಮಸ್ಯೆ ಬೇರೆ. ವಿಪರೀತ ಆಯಾಸ, ಚಳಿ ತಡೆಯದಿರುವುದು, ಮಲಬದ್ಧತೆ, ಮುಟ್ಟಿನಲ್ಲಿ ಏರುಪೇರು ಇದ್ದರೆ, ಅಥವಾ ಸ್ಟೆರಾಯ್ಡ್, ಇನ್ಸುಲಿನ್, ಖಿನ್ನತೆಯ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕಾಣಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ನಿಮ್ಮ ಪತ್ರದಲ್ಲಿ ಎಲ್ಲೂ ಸಂತೋಷದ ಸುಳಿವಿಲ್ಲ, ಅದು ನನಗೆ ಸ್ವಲ್ಪ ಬೇಸರ ತಂದಿತು. ನೀವು ಇಳಿಸಿರುವ 8 ಕಿಲೋ ಮೂಲ ತೂಕದ ಶೇಕಡಾ 9.5. 2002ರಲ್ಲಿ ಫಲಿತಾಂಶ ಹೊರಬಂದ ಅಮೆರಿಕದ ಮಧುಮೇಹ ತಡೆ ಪ್ರಯೋಗದಲ್ಲಿ, ಮಧುಮೇಹದ ಅಂಚಿನಲ್ಲಿದ್ದವರಿಗೆ ಕೊಟ್ಟ ಗುರಿ ಶೇಕಡಾ 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ಚಟುವಟಿಕೆ. ಅಷ್ಟರಿಂದಲೇ ಆ ಗುಂಪಿನಲ್ಲಿ ಹೊಸದಾಗಿ ಮಧುಮೇಹ ಬರುವುದು ಶೇಕಡಾ 58ರಷ್ಟು ಕಡಿಮೆಯಾಯಿತು. ಮನಸ್ಸು ದಣಿದಿದ್ದರೆ ಒಂದೆರಡು ತಿಂಗಳು 76ರಲ್ಲೇ ನಿಂತು ಅದನ್ನು ಉಳಿಸಿಕೊಳ್ಳುವುದೂ ಸೋಲೆಂದು ನನಗನ್ನಿಸುವುದಿಲ್ಲ.

ಮುಂದುವರಿಯುವುದಾದರೆ ನಾಳೆಯಿಂದ 14 ದಿನ ಬೆಳಗ್ಗೆ ಎದ್ದು, ಶೌಚ ಮುಗಿಸಿ, ನೀರು ಕುಡಿಯುವ ಮೊದಲು ತೂಕ ನೋಡಿ ಬರೆಯಿರಿ. ದಿನದ ಅಂಕಿಗೆ ಬೆಲೆ ಕೊಡದೆ ಏಳೇಳು ದಿನದ ಸರಾಸರಿ ತೆಗೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಸಹಜವಾಗಿ ಬಿಟ್ಟು, ಹೊಟ್ಟೆಯ ಸುತ್ತಳತೆಯನ್ನು ಮೊದಲ ದಿನ ಮತ್ತು ಕೊನೆಯ ದಿನ ತೆಗೆದುಕೊಳ್ಳಿ. ಆ ಎರಡು ಸರಾಸರಿ, ಎರಡು ಸುತ್ತಳತೆ ಮತ್ತು ಮುಟ್ಟಿನ ದಿನಾಂಕವನ್ನು ಇದೇ ಉತ್ತರದ ಕೆಳಗೆ ಬರೆದರೆ, 1500ನ್ನು ಹಾಗೆಯೇ ಇಡಬೇಕೇ ಇಳಿಸಬೇಕೇ ಎಂದು ನೋಡಿ ಹೇಳುತ್ತೇನೆ.